ಮೌಂಟ್ ಆಗದ ನೋಡ್‌ಗೆ ಜಾಬ್ ಕೊಡಬೇಡಿ

ಕಾಲೇಜು, ಸಂಶೋಧನಾ ಕೇಂದ್ರಗಳಲ್ಲಿ ಕ್ಲಸ್ಟರ್ ನೋಡಿಕೊಳ್ಳುವ ಗೆಳೆಯ ಗೆಳತಿಯರಿಗೆ,



2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಬಂದಾಗ ಅದರ 3.3 ಪೆಟಾಫ್ಲಾಪ್ಸ್ ವೇಗದ ಬಗ್ಗೆ ಹೆಮ್ಮೆಯಿಂದ ಮಾತಾಡಿದೆವು. ಅಂಥ ಯಂತ್ರಕ್ಕೆ ತಂಡವೇ ಇರುತ್ತದೆ. ನಾನು ಬರೆಯುತ್ತಿರುವುದು ಹತ್ತಿಪ್ಪತ್ತು ನೋಡ್‌ಗಳನ್ನು ಒಬ್ಬರೇ ಸಂಭಾಳಿಸುವ ನಿಮಗೆ. ಕೇಳುವುದು ಇಷ್ಟೇ: ಫೈಲ್ ಸಿಸ್ಟಮ್ ಮೌಂಟ್ ಆಗದ ನೋಡ್ ಜಾಬ್ ತೆಗೆದುಕೊಳ್ಳದಂತೆ ಮಾಡಿ.

ಜಾಬ್ ಯಾವ ನೋಡ್‌ನಲ್ಲಿ ಓಡಿದರೂ ವಿದ್ಯಾರ್ಥಿಗೆ ತನ್ನ ಫೈಲು ಅದೇ ಜಾಗದಲ್ಲಿ ಸಿಗಬೇಕು. ಇದಕ್ಕೆ ಸಣ್ಣ ಕ್ಲಸ್ಟರ್‌ಗಳು ನೆಚ್ಚಿರುವುದು 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ಎನ್ಎಫ್ಎಸ್ ಎಂಬ ನೆಟ್‌ವರ್ಕ್ ಫೈಲ್ ಸಿಸ್ಟಮ್ ಅನ್ನು. ಸರ್ವರ್ ಎಕ್ಸ್‌ಪೋರ್ಟ್ ಮಾಡುತ್ತದೆ, ಪ್ರತಿ ನೋಡ್‌ನ ಎಫ್ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಇರುತ್ತದೆ. ಸ್ಟೋರೇಜ್ ಸಿಗದಿದ್ದರೂ ಬೂಟ್ ನಿಲ್ಲಬಾರದೆಂದು ಆ ಸಾಲಿಗೆ ‘ನೋಫೇಲ್’ ಸೇರಿಸುತ್ತೇವೆ. ಅಲ್ಲಿಂದ ಮುಂದೆ ಆ ಮೌಂಟ್‌ಗಾಗಿ ಯಾರೂ ಕಾಯುವುದಿಲ್ಲ.

ಕರೆಂಟ್ ಹೋಗಿ ಬಂದ ರಾತ್ರಿಯನ್ನು ನೆನೆಸಿಕೊಳ್ಳಿ. ನೋಡ್‌ಗಳು ಬೇಗ ಏಳುತ್ತವೆ, ಸ್ಟೋರೇಜ್ ಸರ್ವರ್ ಇನ್ನೂ ಡಿಸ್ಕ್ ಪರೀಕ್ಷೆಯಲ್ಲೇ ಇರುತ್ತದೆ. ಒಂದು ನೋಡ್‌ನಲ್ಲಿ ಮೌಂಟ್ ಆಗುವುದಿಲ್ಲ. ಆದರೂ ಅದು ಜಾಬ್ ಹಂಚುವ ಸ್ಲರ್ಮ್‌ಗೆ ಹಾಜರಿ ಕೊಡುತ್ತದೆ, ಜಾಬ್ ಬರುತ್ತದೆ. ಹೋಮ್ ಡೈರೆಕ್ಟರಿ ಸಿಗದಿದ್ದರೆ ಸ್ಲರ್ಮ್ ಲಾಗ್‌ನಲ್ಲೊಂದು ಸಾಲು ಬರೆದು ಜಾಬನ್ನು ಟೆಂಪ್ ಡೈರೆಕ್ಟರಿಯಲ್ಲಿ ಓಡಿಸುತ್ತದೆ. ಜಾಬ್‌ಗಳು ಫಲಿತಾಂಶ ಬರೆಯುವ ಸ್ಕ್ರ್ಯಾಚ್‌ನದು ಇನ್ನೂ ಕೆಟ್ಟದ್ದು. ಮೌಂಟ್ ಆಗದಿದ್ದರೂ ಅದರ ಖಾಲಿ ಡೈರೆಕ್ಟರಿ ಇದ್ದೇ ಇದೆ, ಎಲ್ಲರೂ ಬರೆಯಬಹುದಾದದ್ದೂ ಆಗಿದ್ದರೆ ಪ್ರೋಗ್ರಾಂ ನೋಡ್‌ನ ಸ್ವಂತ ಡಿಸ್ಕಿಗೇ ಬರೆಯುತ್ತಾ ಹೋಗುತ್ತದೆ. ಎರರ್ ಇಲ್ಲ. ಬೆಳಿಗ್ಗೆ ನೀವು ಕೈಯಾರೆ ಮೌಂಟ್ ಮಾಡಿದಾಗ ರಾತ್ರಿಯ ಫಲಿತಾಂಶವೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಡಿಎಫ್ ಕೇಳಿದರೆ ರೂಟ್ ಪಾರ್ಟಿಷನ್ ಭರ್ತಿ ಎನ್ನುತ್ತದೆ, ಡಿಯು ಎಷ್ಟು ಹುಡುಕಿದರೂ ಫೈಲು ಸಿಗುವುದಿಲ್ಲ. ರೂಟನ್ನು ಬೇರೆಡೆ ಬೈಂಡ್ ಮೌಂಟ್ ಮಾಡಿ ನೋಡಿದರೆ ಎಲ್ಲವೂ ಅಲ್ಲೇ ಬಿದ್ದಿರುತ್ತದೆ. ಅಷ್ಟರಲ್ಲಿ ಗೈಡ್ ಮುಂದೆ ತಲೆತಗ್ಗಿಸಿ ನಿಂತಿರುವುದು ಯಾವ ತಪ್ಪೂ ಮಾಡದ ವಿದ್ಯಾರ್ಥಿ. ನನಗೆ ಸಹಿಸಲಾಗದ್ದು ಇದು.

ಪರಿಹಾರಕ್ಕೆ ಹಣ ಬೇಕಿಲ್ಲ. ಮೌಂಟ್ ಮಾಡುವ ಮೊದಲು ಆ ಖಾಲಿ ಡೈರೆಕ್ಟರಿಗೆ ಇಮ್ಯೂಟಬಲ್ ಗುರುತು ಹಾಕಿ. ಮೌಂಟ್ ಇಲ್ಲದಾಗ ರೂಟ್ ಬಳಕೆದಾರನಿಗೂ ಅದರೊಳಗೆ ಬರೆಯಲಾಗದು, ಜಾಬ್ ಅಲ್ಲೇ ಬೀಳುತ್ತದೆ. ಬೀಳಲಿ, ಸದ್ದು ಮಾಡಿ ಬಿದ್ದರೆ ಸರಿಪಡಿಸಬಹುದು. ಜೊತೆಗೆ ಸ್ಲರ್ಮ್‌ನ ಹೆಲ್ತ್ ಚೆಕ್ ಬಳಸಿ. ನೋಡ್ ಎದ್ದು ಹಾಜರಿ ಕೊಡುವ ಮೊದಲೇ ಅದು ಓಡುತ್ತದೆ. ಡೈರೆಕ್ಟರಿ ಇದೆಯೇ ಎಂದು ನೋಡಿದರೆ ಸಾಲದು. ಅಲ್ಲಿ ನಿಜಕ್ಕೂ ಎನ್ಎಫ್ಎಸ್ ಕೂತಿದೆಯೇ ಎಂದು ಕೇಳಬೇಕು. ಇಲ್ಲವಾದರೆ ನೋಡ್ ಡ್ರೇನ್ ಆಗಲಿ, ಹೊಸ ಜಾಬ್ ಪಡೆಯದಿರಲಿ.

ಸರ್ವರ್ ಸತ್ತಾಗ ಜಾಬ್‌ಗಳು ನೇತಾಡುತ್ತವೆಂದು ಮೌಂಟ್ ಆಯ್ಕೆಗಳಲ್ಲಿ ‘ಹಾರ್ಡ್’ ತೆಗೆದು ‘ಸಾಫ್ಟ್’ ಹಾಕುವವರಿದ್ದಾರೆ. ದಯವಿಟ್ಟು ಬೇಡ. ನೇತಾಡಿದ ಜಾಬ್ ಸರ್ವರ್ ಮರಳಿದಾಗ ಮುಂದುವರಿಯುತ್ತದೆ. ಸಾಫ್ಟ್‌ನಲ್ಲಿ ಅರ್ಧ ಬರೆದ ಡೇಟಾ ಸದ್ದಿಲ್ಲದೆ ಕೆಡಬಹುದು. ಬಳಕೆದಾರರ ಯುಐಡಿ ಎಲ್ಲ ನೋಡ್‌ಗಳಲ್ಲೂ ಒಂದೇ ಇರಲಿ ಎನ್ನುವುದನ್ನೂ ಮರೆಯಬೇಡಿ. ಸಾಮಾನ್ಯ ಎನ್ಎಫ್ಎಸ್ ಹೆಸರು ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ.

ಈ ವಾರವೇ ಜಾಬ್ ಇಲ್ಲದ ಒಂದು ನೋಡ್ ಆಯ್ದು, ಅದಕ್ಕೆ ಮಾತ್ರ ಎಕ್ಸ್‌ಪೋರ್ಟ್ ತಡೆದು ರೀಬೂಟ್ ಮಾಡಿ. ಸ್ಲರ್ಮ್ ಅದನ್ನು ‘ಐಡಲ್’, ಅಂದರೆ ಜಾಬ್‌ಗೆ ಸಿದ್ಧ, ಎಂದು ತೋರಿಸಿದರೆ, ಉಳಿದ ಕೆಲಸ ಬದಿಗಿಟ್ಟು ಮೊದಲು ಇದನ್ನು ಸರಿಪಡಿಸಿ.

ಇಂತಿ,
ನಿಮ್ಮದೇ ಕೆಲಸದ ಒಬ್ಬ ಸಹೋದ್ಯೋಗಿ