ಅಕ್ಕ, ಒಂದು ಪೆನ್ಸಿಲ್ ತಗೊಳ್ಳಿ

ಅಕ್ಕ, ನಿನ್ನೆ ಸಂಜೆ ಒಣಗಿದ ಬಟ್ಟೆ ತೆಗೀತಾ ಒಂದು ಮಾತು ಕೇಳಿದ್ರಲ್ಲ, ‘ಫೋನು ನೋಡ್ಕೊಂಡು ಚಿತ್ರ ಬರೆಯೋದು ಕಲಿಯೋಕಾಗುತ್ತಾ, ಮೇಷ್ಟ್ರು ಬೇಡ್ವಾ’ ಅಂತ. ಅಷ್ಟರಲ್ಲಿ ನಿಮ್ಮನೆ ಕುಕ್ಕರ್ ಕೂಗ್ತು, ನೀವು ಒಳಗೆ ಹೋದ್ರಿ. ಉತ್ತರ ನನ್ನ ಬಾಯಲ್ಲೇ ಉಳೀತು. ಈಗ ಬಿಡುವಾಗಿದ್ರೆ ಒಂದು ಗಳಿಗೆ ಇಲ್ಲೇ ನಿಲ್ಲಿ, ಹೇಳಿಬಿಡ್ತೀನಿ. ಕಲಿಯೋಕಾಗುತ್ತೆ. ಯಾರಿಗೂ ಫೀಸು ಕಟ್ಟದೇ ಕಲಿಯೋಕಾಗುತ್ತೆ. ಒಂದೇ ಒಂದು ಷರತ್ತು: ವಿಡಿಯೋ ನೋಡೋ ಹೊತ್ತಿಗಿಂತ ಅದನ್ನ ನಿಲ್ಲಿಸಿ ಪೆನ್ಸಿಲ್ ಆಡಿಸೋ ಹೊತ್ತು ಜಾಸ್ತಿ ಇರಬೇಕು.

ಏನಂದ್ರಿ? ಅದೆಲ್ಲ ಹುಟ್ಟಿನಿಂದಲೇ ಬರಬೇಕು ಅಂತಾನಾ? ಆ ಮಾತನ್ನ ನಮ್ಮ ತಲೆಗೆ ಶಾಲೆಯಲ್ಲೇ ತುಂಬಿಬಿಟ್ರು. ಡ್ರಾಯಿಂಗ್ ಪೀರಿಯಡ್ ಅಂದ್ರೆ ಮಾವಿನಹಣ್ಣು, ಹೂವಿನ ಕುಂಡ, ಎರಡು ಗುಡ್ಡದ ನಡುವೆ ಸೂರ್ಯ. ಚೆನ್ನಾಗಿ ಬರೆಯೋ ಇಬ್ಬರೋ ಮೂವರೋ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂತ್ರು. ಮಿಕ್ಕವರು ಬಣ್ಣದ ಡಬ್ಬಿ ಮುಚ್ಚಿಟ್ಟು ಲೆಕ್ಕದ ಪುಸ್ತಕ ತೆಗೆದ್ರು. ಹತ್ತನೇ ವಯಸ್ಸಿಗೆ ಬಿಟ್ಟವರು ಐವತ್ತಕ್ಕೆ ಕೂತು ಬರೆದರೆ ಹತ್ತು ವರ್ಷದ ಮಗುವಿನ ಚಿತ್ರವೇ ಬರುತ್ತೆ. ಅಮೆರಿಕದ ಕಲಾ ಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ 1979ರ ತಮ್ಮ ಪುಸ್ತಕದಲ್ಲಿ ಇದನ್ನ ಬಿಡಿಸಿ ಹೇಳಿದ್ದಾರೆ. ದೊಡ್ಡವರು ಚಿಕ್ಕ ಮಕ್ಕಳ ಥರ ಬರೆಯೋದು ಪ್ರತಿಭೆ ಇಲ್ಲದ್ದಕ್ಕಲ್ಲ, ಅವರ ಕಲಿಕೆ ಆ ವಯಸ್ಸಿಗೇ ನಿಂತುಹೋಗಿರುತ್ತೆ. ನಿಂತಿದ್ದನ್ನ ಯಾವ ವಯಸ್ಸಲ್ಲಾದ್ರೂ ಮುಂದುವರಿಸಬಹುದು.

ನಿಮ್ಮ ವಿಷಯಕ್ಕೇ ಬರ್ತೀನಿ. ‘ನಂಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ’ ಅಂತೀರಿ. ಹಾಗಾದ್ರೆ ಬೆಳಗ್ಗೆ ಗೇಟಿನ ಮುಂದೆ 15 ಚುಕ್ಕಿಯಿಂದ ಶುರು ಮಾಡಿ 8ಕ್ಕೆ ನಿಲ್ಲಿಸಿ ಆ ರಂಗೋಲಿ ಹಾಕಿದ್ದು ಯಾರು? ನಾನು ಇಲ್ಲಿಂದಲೇ ನೋಡ್ತಿರ್ತೀನಿ. ಬಗ್ಗಿ ನಿಂತು, ಪುಡಿ ಹಿಡಿದ ಕೈ ನೆಲಕ್ಕೆ ಊರದೆ, ಇಡೀ ತೋಳು ಆಡಿಸಿ ಎಳೀತೀರಿ. ಮುಂದಿನ ಚುಕ್ಕಿಗೆ ಕಣ್ಣು ಮೊದಲು ಹೋಗುತ್ತೆ, ಕೈ ಅದರ ಹಿಂದೆ ಬರುತ್ತೆ. ನಡುವೆ ಎಲ್ಲೂ ತಡವರಿಸಲ್ಲ. ‘ಡ್ರಾ ಎ ಬಾಕ್ಸ್’ ಅಂತ ಒಂದು ಉಚಿತ ಪಾಠಮಾಲೆ ಇದೆ, ಕೆನಡಾದ ಇರ್ಷಾದ್ ಕರೀಂ ಅನ್ನೋರು ನಡೆಸೋದು. ಅದರ ಮೊದಲ ಪಾಠವೇ ಇದು. ಕಾಗದದ ಮೇಲೆ ಎರಡು ಚುಕ್ಕಿ ಇಡಬೇಕು. ಪೆನ್ನು ಕಾಗದಕ್ಕೆ ತಾಗದ ಹಾಗೆ ಈ ಚುಕ್ಕಿಯಿಂದ ಆ ಚುಕ್ಕಿಗೆ ಕೈಯನ್ನ ಗಾಳಿಯಲ್ಲೇ ನಾಲ್ಕಾರು ಸಲ ಓಡಿಸಬೇಕು. ಆ ಓಟ ಕೈಗೆ ಕೂತ ಮೇಲೆ ಪೆನ್ನು ಊರಿ ಒಂದೇ ಉಸಿರಿಗೆ ಎಳೆದುಬಿಡಬೇಕು. ಮಣಿಕಟ್ಟು ತಿರುಗಿಸಿ ಎಳೆದರೆ ಗೆರೆ ಬಿಲ್ಲಾಗುತ್ತೆ. ತೋಳು ಭುಜದಿಂದ ಆಡಿದರೆ ನೆಟ್ಟಗೆ ಹೋಗುತ್ತೆ. ನೀವು ಇಷ್ಟು ವರ್ಷದಿಂದ ನೆಲದ ಮೇಲೆ ಮಾಡ್ತಿರೋದನ್ನ ಈಗ ಕಾಗದದ ಮೇಲೆ ಮಾಡಬೇಕು, ಅಷ್ಟೇ.

ಆ ಪಾಠಮಾಲೆಯಲ್ಲಿ ನಂಗೆ ತುಂಬ ಹಿಡಿಸಿದ್ದು ಪೆಟ್ಟಿಗೆ ಬರೆಯೋ ಅಭ್ಯಾಸ. ಮೊದಲ ಪಾಠ ಮುಗಿದ ಮೇಲೆ ಒಂದಲ್ಲ ಎರಡಲ್ಲ, 250 ಪೆಟ್ಟಿಗೆ ಬರೀಬೇಕು, ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿರಬೇಕು. ಪೆಟ್ಟಿಗೆಯೇ ಯಾಕೆ ಅಂತೀರಾ? ಬೀರು, ಬಸ್ಸು, ಮನೆ ಎಲ್ಲವೂ ಪೆಟ್ಟಿಗೆಯಿಂದಲೇ ಹುಟ್ಟೋದು. ಪೆಟ್ಟಿಗೇನ ಬೇಕಾದ ಹಾಗೆ ತಿರುಗಿಸಿ ಬರೆಯೋಕೆ ಬಂದ್ರೆ ಬಸ್ಸು ಬರೆಯೋದು ಕಷ್ಟ ಅಲ್ಲ. ಇನ್ನೊಂದು ದೊಡ್ಡ ಅನುಕೂಲ ಇದೆ, ಇದರಲ್ಲಿ ತಪ್ಪನ್ನ ನಾವೇ ಕಂಡುಹಿಡೀಬಹುದು. ನಮ್ಮ ರಸ್ತೆಯ ಎರಡು ಅಂಚೂ ದೂರ ಹೋಗ್ತಾ ಹತ್ತಿರ ಬಂದ ಹಾಗೆ ಕಾಣುತ್ತಲ್ಲ, ಪೆಟ್ಟಿಗೆಯ ಅಂಚುಗಳೂ ಹಾಗೇ ಕಾಣಬೇಕು. ಬರೆದಾದ ಮೇಲೆ ಬೇರೆ ಬಣ್ಣದ ಪೆನ್ನಲ್ಲಿ ಆ ಅಂಚುಗಳನ್ನ ಹಿಂದಕ್ಕೆ ಬೆಳೆಸಿ ನೋಡಿ. ಒಂದಕ್ಕೊಂದು ಹತ್ತಿರ ಬರ್ತಾ ಹೋದ್ರೆ ಸರಿ ಇದೆ; ಯಾವುದಾದ್ರೂ ಒಂದು ಅಡ್ಡಾದಿಡ್ಡಿ ಹೋದ್ರೆ ತಪ್ಪಿರೋದು ಅಲ್ಲೇ. ಪಕ್ಕದಲ್ಲಿ ಮೇಷ್ಟ್ರಿಲ್ಲದವರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಏನು ಬೇಕು ಹೇಳಿ? ಪೆನ್ನಲ್ಲೇ ಬರೀಬೇಕು ಅನ್ನೋ ನಿಯಮ ಬೇರೆ. ಅಳಿಸೋ ಹಾಗಿಲ್ಲ ಅಂತ ಗೊತ್ತಿದ್ರೆ ಎಳೆಯೋ ಮೊದಲೇ ಯೋಚನೆ ಮಾಡ್ತೀವಿ.

ಆ ಕಾಫಿ ಲೋಟ ಖಾಲಿಯಾಯ್ತಾ? ಕೊಡಿ, ಇಲ್ಲಿ ಕಾಂಪೌಂಡ್ ಗೋಡೆ ಮೇಲೆ ಇಡ್ತೀನಿ. ನಿಂತಲ್ಲಿಂದ ಅದರ ಬಾಯಿ ನೋಡಿ. ಗುಂಡಗೆ ಕಾಣ್ತಾ ಇದೆಯಾ? ಇಲ್ಲ, ಅಡ್ಡಕ್ಕೆ ಚಪ್ಪಟೆಯಾದ ವೃತ್ತ. ಸ್ವಲ್ಪ ಮಂಡಿ ಬಗ್ಗಿಸಿ, ಇನ್ನೂ ಸ್ವಲ್ಪ, ಕಣ್ಣು ಲೋಟದ ಅಂಚಿನ ಮಟ್ಟಕ್ಕೆ ಬರಲಿ. ಈಗ ಅದು ಬರೀ ಒಂದು ಗೆರೆ. ಎದ್ದು ನಿಂತುಕೊಳ್ಳಿ, ಈಗ ತಳ ನೋಡಿ. ಬಾಯಿಗಿಂತ ತಳ ನಿಮ್ಮ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ, ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು. ಹೊಸದಾಗಿ ಬರೆಯೋಕೆ ಶುರು ಮಾಡಿದವರಲ್ಲಿ ಹೆಚ್ಚಿನವರು ಬಾಯಿ ಗುಂಡಗೆ ಬರೆದು ತಳಕ್ಕೆ ಸ್ಕೇಲಿಟ್ಟ ಹಾಗೆ ನೆಟ್ಟಗೆ ಗೆರೆ ಎಳೀತಾರೆ. ಬಾಯಿ ಗುಂಡಗಿದೆ ಅಂತ ಗೊತ್ತು, ಅದಕ್ಕೆ ಗುಂಡು. ತಳ ಸಪಾಟಾಗಿ ಕೂತಿದೆ ಅಂತ ಗೊತ್ತು, ಅದಕ್ಕೆ ನೆಟ್ಟಗೆರೆ. ಗೊತ್ತಿರೋದನ್ನ ಬರೀತಾರೆ, ಕಂಡಿದ್ದನ್ನ ಬರೆಯಲ್ಲ. ಆ ಮೈ ಹೊಳಪೂ ನೋಡಿ. ಸ್ಟೀಲಿನ ಮೇಲೆ ನೆರಳು ಮೆಲ್ಲಗೆ ತಿಳಿಯಾಗ್ತಾ ಹೋಗಲ್ಲ. ಕಡುಗಪ್ಪು ಪಟ್ಟಿ, ಅದಕ್ಕೆ ಅಂಟಿಕೊಂಡೇ ಬಿಳಿ ಪಟ್ಟಿ, ಪಕ್ಕದಲ್ಲಿ ನಿಮ್ಮ ಸೀರೆ ಬಣ್ಣದ್ದೊಂದು ಸಣ್ಣ ಎಳೆ. ಈ ಲೋಟದಲ್ಲಿ ಎಷ್ಟು ವರ್ಷದಿಂದ ಕಾಫಿ ಕುಡೀತಿದ್ದೀರಿ, ಆ ಎಳೆ ಯಾವತ್ತಾದ್ರೂ ಕಂಡಿತ್ತಾ? ಚಿತ್ರ ಕಲಿಯೋದು ಅಂದ್ರೆ ಅರ್ಧಕ್ಕರ್ಧ ಇದೇ, ನೋಡೋದು ಕಲಿಯೋದು.

ಬೆಟ್ಟಿ ಎಡ್ವರ್ಡ್ಸ್ ಇದಕ್ಕೊಂದು ಉಪಾಯ ಹೇಳಿಕೊಡ್ತಾರೆ. ಸಂಗೀತಗಾರ ಸ್ಟ್ರಾವಿನ್ಸ್ಕಿ ಕುರ್ಚಿ ಮೇಲೆ ಕೂತಿರೋದನ್ನ ಪಿಕಾಸೊ 1920ರಲ್ಲಿ ಬರೀ ಗೆರೆಗಳಲ್ಲಿ ಬರೆದಿದ್ದಾನೆ. ಆ ಚಿತ್ರವನ್ನ ತಲೆಕೆಳಗು ಮಾಡಿ ಇಟ್ಟುಕೊಂಡು ಹಾಗೇ ನಕಲು ಮಾಡಿ ಅಂತಾರೆ. ತಲೆಕೆಳಗಾದಾಗ ಇದು ಮೂಗು, ಇದು ಬೆರಳು ಅನ್ನೋ ಹೆಸರುಗಳು ಮನಸ್ಸಿಗೆ ಬರಲ್ಲ. ಇಲ್ಲೊಂದು ಬಾಗು, ಅಲ್ಲೊಂದು ಸಂದು ಅಂತ ಮಾತ್ರ ಕಾಣುತ್ತೆ. ಮುಗಿಸಿ ತಿರುಗಿಸಿ ನೋಡಿದ್ರೆ, ನೇರವಾಗಿಟ್ಟು ಬರೆದದ್ದಕ್ಕಿಂತ ಚೆನ್ನಾಗಿ ಬಂದಿರುತ್ತೆ. ಇದನ್ನ ಮಾಡಿಸೋ ವಿಡಿಯೋಗಳು ಬೇಕಾದಷ್ಟಿವೆ. ಮನೆಗೆ ಬರೋ ಮದುವೆ ಪತ್ರಿಕೆ ಮೇಲಿನ ಗಣಪತಿಯನ್ನೇ ತಲೆಕೆಳಗಿಟ್ಟು ಶುರು ಮಾಡಬಹುದು.

ಮನುಷ್ಯರನ್ನ ಬರೀಬೇಕು ಅನ್ನಿಸಿದಾಗ ‘ಪ್ರೊಕೊ’ ನೋಡಿ. ಸ್ಟ್ಯಾನ್ ಪ್ರೊಕೊಪೆಂಕೊ ಅನ್ನೋ ಕಲಾವಿದರ ಯೂಟ್ಯೂಬ್ ಚಾನೆಲ್ ಅದು. ಅರ್ಧ ನಿಮಿಷದಲ್ಲಿ ಒಂದು ಆಳು ಬರೀರಿ ಅಂತಾರೆ ಅವರು. ಅರ್ಧ ನಿಮಿಷದಲ್ಲಿ ಕಣ್ಣು, ರೆಪ್ಪೆ, ಬಳೆ ಅಂತ ಕೂರೋಕಾಗಲ್ಲ. ತಲೆಯಿಂದ ಪಾದದ ತನಕ ಮೈ ಯಾವ ಕಡೆ ವಾಲಿದೆ, ಭಾರ ಯಾವ ಕಾಲ ಮೇಲಿದೆ, ಅದನ್ನ ನಾಲ್ಕಾರು ಗೆರೆಯಲ್ಲಿ ಹಿಡೀಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿದ್ದೀರಾ? ಕುಣಿಯೋ ಹೆಣ್ಣು ಕೆಲವೇ ಗೆರೆಗಳಲ್ಲಿ ಕಾಗದದ ಮೇಲೆ ಎದ್ದು ಬರ್ತಾಳೆ. ಆ ಮಟ್ಟ ಎಲ್ಲರಿಗೂ ಸಿಗೋದಲ್ಲ, ಆದ್ರೆ ದಾರಿ ಅದೇ. ದೇವರಾಜ ಮಾರ್ಕೆಟ್‌ಗೆ ಹೂವಿಗೆ ಹೋಗ್ತೀರಲ್ಲ, ಬ್ಯಾಗಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ. ಹೂವಿನವರು ಮಾರು ಹಾಕೋಕೆ ಕೈ ಚಾಚಿದಾಗ ಅಷ್ಟನ್ನ ಬರೆದುಕೊಳ್ಳಿ. ಇದೇ ಮೈಸೂರಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಕೈ ಪಳಗಿಸಿಕೊಂಡಿದ್ದು ಹಾಗೇ, ಕಣ್ಣಿಗೆ ಬಿದ್ದಿದ್ದನ್ನೆಲ್ಲ ಬರೆದು ಬರೆದು. ಬೊಂಬಾಯಿಯ ಜೆ.ಜೆ. ಕಲಾ ಶಾಲೆಗೆ ಅರ್ಜಿ ಹಾಕಿದಾಗ ಅವರಿಗೆ ಸೀಟು ಸಿಗಲಿಲ್ಲ. ಅವರು ಬರೆಯೋದು ಬಿಡಲಿಲ್ಲ. ಎಲ್ಲರೂ ಓಡಿಸೋ ಕಾಗೆಯನ್ನ ಅವರು ಬದುಕಿಡೀ ಪ್ರೀತಿಯಿಂದ ಬರೆದ್ರು.

ಈಗ ಶುರುವಲ್ಲಿ ಹೇಳಿದ ಷರತ್ತಿಗೆ ಬರೋಣ, ಎಲ್ಲಕ್ಕಿಂತ ಮುಖ್ಯ ಅದು. ಪಾಠ ಉಚಿತವಾಗಿ ಸಿಗೋದರಿಂದ ಒಂದು ಅಪಾಯ ಇದೆ. ಒಂದು ಮುಗಿಯೋ ಮೊದಲೇ ಇನ್ನೊಂದು ತಾನಾಗೇ ಬಂದು ನಿಲ್ಲುತ್ತೆ. ಒಬ್ಬರು ಕಣ್ಣು ಬರೀತಾರೆ, ಮತ್ತೊಬ್ಬರು ಹುಲಿ, ಇನ್ನೊಬ್ಬರು ಯಾವ ಪೆನ್ಸಿಲ್ ಒಳ್ಳೇದು ಅಂತ ಹೇಳ್ತಾರೆ. ಗಂಟೆ ಕಳೆದಿರುತ್ತೆ, ಎಲ್ಲ ಅರ್ಥ ಆಯ್ತು ಅನ್ಸುತ್ತೆ, ಕೈಗೆ ಮಾತ್ರ ಏನೂ ಬಂದಿರಲ್ಲ. ಅಡುಗೆ ವಿಡಿಯೋ ನೋಡಿ ಯಾರಿಗಾದ್ರೂ ಹೊಟ್ಟೆ ತುಂಬಿದ್ದುಂಟಾ? ಒಂದೇ ನಿಮಿಷದಲ್ಲಿ ಮುಖ ಪೂರ್ತಿ ಬರೆದು ತೋರಿಸೋ ವಿಡಿಯೋಗಳನ್ನ ನೋಡಿ ಎದೆಗುಂದಲೂ ಬೇಡಿ. ಗಂಟೆಗಟ್ಟಲೆ ಕೂತು ಬರೆದಿದ್ದನ್ನ ವೇಗ ಹೆಚ್ಚಿಸಿ ತೋರಿಸ್ತಾರೆ. ನೀವು ಅದಕ್ಕೆ ಉಲ್ಟಾ ಮಾಡಿ. ಸೆಟ್ಟಿಂಗಲ್ಲಿ ವೇಗ ಅರ್ಧಕ್ಕೆ ಇಳಿಸಿ. ಅವರು ಎರಡು ಗೆರೆ ಎಳೆದ ಕೂಡಲೇ ನಿಲ್ಲಿಸಿ, ನೀವೂ ಎಳೀರಿ, ಆಮೇಲೆ ಮುಂದೆ ಹೋಗಿ. ಹತ್ತು ನಿಮಿಷದ ಪಾಠಕ್ಕೆ ಒಂದು ಗಂಟೆ ಹಿಡಿದರೆ ಸರಿಯಾಗಿ ಕಲಿತಿದ್ದೀರಿ ಅಂತಲೇ ಅರ್ಥ. ಒಬ್ಬ ಗುರುವನ್ನ ಹಿಡಿದ್ರೆ ಅವರ ಪಾಠ ಮುಗಿಯೋ ತನಕ ಬೇರೆ ಕಡೆ ತಿರುಗಬೇಡಿ. ಇಂಗ್ಲಿಷ್ ಅರ್ಥ ಆಗಲ್ಲ ಅನ್ನೋ ಅಂಜಿಕೆಯೂ ಬೇಡ. ಚಿತ್ರದ ಪಾಠದಲ್ಲಿ ನೋಡಬೇಕಾದ್ದು ಕೈ. ಕೆಳಗೆ ಅಕ್ಷರಗಳೂ ಬರ್ತವೆ, ಕನ್ನಡದಲ್ಲಿ ಹೇಳಿಕೊಡೋರೂ ಇದ್ದಾರೆ.

ಸಾಮಾನಿಗೆ ಅಂಗಡಿ ಸುತ್ತೋದು ಬೇಕಿಲ್ಲ. ಎಚ್‌ಬಿ, 2ಬಿ, 4ಬಿ, ಈ ಮೂರು ಪೆನ್ಸಿಲ್, ಒಂದು ರಬ್ಬರ್, ಒಂದು ಮೆಂಡರ್. ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಟ್ಟಿದ್ದು; ಫ್ರಾನ್ಸಿನ ಕೋಂಟೆ 1795ರಲ್ಲಿ ಪೇಟೆಂಟ್ ಪಡೆದ ವಿಧಾನ. ಮಣ್ಣು ಹೆಚ್ಚಿದ್ರೆ ಗಟ್ಟಿ, ಗೆರೆ ತಿಳಿ. ಮಣ್ಣು ಕಮ್ಮಿಯಿದ್ರೆ ಮೆತ್ತಗೆ, ಗೆರೆ ಕಪ್ಪು. ಬಿ ಹಿಂದಿನ ಅಂಕಿ ಏರಿದಷ್ಟೂ ಕಪ್ಪು ಏರುತ್ತೆ. ಹಗುರಾಗಿ ಅಂದಾಜು ಹಾಕೋಕೆ ಎಚ್‌ಬಿ, ನೆರಳಿಗೆ 4ಬಿ. ಕಾಗದಕ್ಕೆ ಜೆರಾಕ್ಸ್ ಅಂಗಡಿಯಲ್ಲಿ ಉಳಿಯೋ ಒಂದು ಬದಿ ಖಾಲಿ ಹಾಳೆ, ಹೋದ ವರ್ಷದ ಡೈರಿ ಸಾಕು. ದುಬಾರಿ ಸ್ಕೆಚ್‌ಬುಕ್ ತಂದ್ರೆ ಹಾಳೆ ಕೆಡುತ್ತೆ ಅಂತ ಕೈಯೇ ಓಡಲ್ಲ.

ಮೇಷ್ಟ್ರು ಬೇಡ್ವಾ ಅಂದ್ರಲ್ಲ, ಆ ಮಾತಲ್ಲೂ ಸತ್ಯ ಇದೆ. ನೀವು ಪೆನ್ಸಿಲ್ ಹೇಗೆ ಹಿಡಿದಿದ್ದೀರಿ, ಎಲ್ಲಿ ಒತ್ತಿ ಬರೀತಿದ್ದೀರಿ ಅನ್ನೋದು ವಿಡಿಯೋಗೆ ಕಾಣಲ್ಲ. ಆದ್ರೆ ಚಿತ್ರದಲ್ಲಿರೋ ತಪ್ಪನ್ನ ನಾವೇ ಹಿಡಿಯೋಕೆ ಒಂದು ಹಳೇ ಉಪಾಯ ಇದೆ: ಬರೆದ ಚಿತ್ರವನ್ನ ಕನ್ನಡಿಯಲ್ಲಿ ನೋಡಿ. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಚಿತ್ರಕಾರರಿಗೆ ಇದನ್ನೇ ಹೇಳಿದ್ದಾನೆ. ಎಡ ಬಲ ಅದಲುಬದಲಾದಾಗ ಸೊಟ್ಟಗಿರೋದು ತಟ್ಟನೆ ಕಣ್ಣಿಗೆ ಹೊಡೆಯುತ್ತೆ. ಇಷ್ಟು ದಾಟಿ ಮುಂದೆ ಹೋಗಬೇಕು ಅನ್ನಿಸಿದ್ರೆ ಆಗ ಗುರುವನ್ನ ಹುಡುಕಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆ ನಡೆಸ್ತಾ ಬಂದಿದೆ. ಬೀದಿಯುದ್ದಕ್ಕೂ ಕಲಾವಿದರು ಕೂತಿರ್ತಾರೆ, ಕೆಲವರು ಎದುರಿಗೇ ಕೂರಿಸಿಕೊಂಡು ಮುಖ ಬರೀತಾರೆ. ಹತ್ತಿರ ನಿಂತು ನೋಡಿ, ಕೇಳಿ. ತಾವೇ ಒಂದಿಷ್ಟು ಬರೆದವರು ಕೇಳೋ ಪ್ರಶ್ನೆಗೆ ಅವರಿಂದ ಸಿಗೋ ಉತ್ತರವೇ ಬೇರೆ ಥರ ಇರುತ್ತೆ.

ಕೊನೆಗೊಂದು ಮಾತು. ಇರ್ಷಾದ್ ಕರೀಂ ಅವರ ಪಾಠದಲ್ಲಿ ಒಂದು ನಿಯಮ ಇದೆ: ಅರ್ಧ ಹೊತ್ತು ಅಭ್ಯಾಸಕ್ಕೆ, ಇನ್ನರ್ಧ ಬರೀ ಸಂತೋಷಕ್ಕೆ. ಹೇಗೆ ಬಂದ್ರೂ ಸರಿ, ಇಷ್ಟ ಬಂದಿದ್ದನ್ನ ಬರೀಬೇಕು. ಇದನ್ನ ಮಾತ್ರ ಬಿಡಬೇಡಿ. ನಿಮ್ಮ ತವರಿನ ಜಗಲಿ, ಹಿತ್ತಲಿನ ಒರಳುಕಲ್ಲು, ನಿಮ್ಮಮ್ಮ ಕಾಲು ನೀಡಿ ಕೂತು ಹೂ ಕಟ್ತಿದ್ದ ರೀತಿ, ಇದು ಯಾವುದರ ಫೋಟೋನೂ ಇಲ್ಲ ಅಂತ ನೀವೇ ಎಷ್ಟೋ ಸಲ ನೊಂದುಕೊಂಡಿದ್ದೀರಿ. ಅದು ಇರೋದು ನಿಮ್ಮ ಕಣ್ಣಲ್ಲಿ ಮಾತ್ರ. ನೀವು ಬರೆಯದೇ ಹೋದ್ರೆ ಮೊಮ್ಮಕ್ಕಳು ಅದನ್ನ ಎಲ್ಲಿ ನೋಡ್ಬೇಕು?

ಇವತ್ತು ಊಟ ಆದ ಮೇಲೆ ಶುರು ಮಾಡಿ. ಒಂದೇ ಪಾಠ ಹಾಕಿ, ನಿಲ್ಲಿಸಿ ನಿಲ್ಲಿಸಿ ಬರೀರಿ. ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ. ಹೇಗೇ ಬಂದಿರಲಿ, ಹರಿದು ಮಾತ್ರ ಹಾಕಬೇಡಿ.