ನೀವು ಮುಂದಾಗ್ರಿ, ನಾ ಹಿಂದಿದ್ದೀನಿ

ಧನಕವಡಿಯ ನಮ್ಮ ಸೊಸೈಟಿಯಲ್ಲಿ ಕಾಕಾ ಅವರಷ್ಟು ಗಂಡೆದೆಯವರು ಇನ್ನೊಬ್ಬರಿಲ್ಲ, ಚೇರ್ಮನ್ನರು ಊರಲ್ಲಿಲ್ಲದಿದ್ದರೆ. ವಿಜಯಪುರದಿಂದ ಬಂದು ಪುಣೆಯಲ್ಲೇ ಬೇರೂರಿದ ಈ ಕಾಕಾ ಲಿಫ್ಟಿನ ಪಕ್ಕ ನಿಂತು ಟ್ಯಾಂಕರ್ ನೀರಿನ ಲೆಕ್ಕ ಕೇಳಿದರೆ ಮೂರನೇ ಮಹಡಿಗೂ ಕೇಳಬೇಕು. ಚೇರ್ಮನ್ನರ ಸ್ಕೂಟರ್ ಗೇಟಿನೊಳಗೆ ಬಂತೋ, ಅದೇ ಉಸಿರಿನಲ್ಲಿ "ಕಾಯ್ ಸಾಹೇಬ್, ಕಸೇ ಆಹಾತ್?" ಉತ್ತರನ ಪೌರುಷ ಒಲೆಯ ಮುಂದೆ ಅಂತಾರೆ, ನಮ್ಮಲ್ಲಿ ಅದು ಲಿಫ್ಟಿನ ಮುಂದೆ.

ಕಾಕಾ ಹೆದರಿದ್ದನ್ನು ಕಂಡವರಿಲ್ಲ. ನಾಯಿ ಬೊಗಳಿದಾಗ ದಾರಿ ಬದಲಿಸಿದರೆ ಅದು ಪ್ರಾಣಿದಯೆ. ಸಾತಾರಾ ರಸ್ತೆ ದಾಟುವಾಗ ಹೆಂಡತಿ ಕಾಕೂನ್ನ ಮುಂದೆ ಬಿಟ್ಟರೆ ಅದು ಸಂಸ್ಕಾರ.

2024ರ ಮಾರ್ಚ್‌ನಲ್ಲಿ ಪಕ್ಕದ ಕಾತ್ರಜ್‌ನ ರಾಜೀವ್ ಗಾಂಧಿ ಪ್ರಾಣಿ ಸಂಗ್ರಹಾಲಯದಲ್ಲಿ ಚಿರತೆಯೊಂದು ಬೋನಿನಿಂದ ತಪ್ಪಿಸಿಕೊಂಡಿತು. ಅದು ಹಂಪಿ ಕಡೆಯಿಂದ ತಂದದ್ದು ಎಂದು ಗೊತ್ತಾದದ್ದೇ ತಡ, ಕಾಕಾಗೆ ಅಭಿಮಾನ ಉಕ್ಕಿತು. "ನಮ್ಮ ಕಡೀದರೀ ಅದು! ಕನ್ನಡದಾಗ ಕರದ್ರ ಬೆಕ್ಕಿನ್ಹಂಗ ಬರ್ತದ."

"ಹಂಗಾದ್ರ ಹೋಗಿ ಕರೀರಲ್ಲ."

"ಸರ್ಕಾರಿ ಕೆಲಸದಾಗ ನಾವು ಕೈ ಹಾಕಬಾರದು."

ಮರುದಿನ ಬೆಳಿಗ್ಗೆ ಹಾಲಿನ ಹುಡುಗ ಬೆಲ್ ಒತ್ತಿದಾಗ ಬಾಗಿಲ ಸಂದಿಯಿಂದ ಪಾತ್ರೆ ಹಿಡಿದ ಕೈಯೊಂದು ಹೊರಬಂತು. ಅದರಲ್ಲಿ ಹಸಿರು ಬಳೆ ಇದ್ದವು. ಕೊನೆಗೆ ಚಿರತೆ ಸಂಗ್ರಹಾಲಯದ ಆವರಣದಲ್ಲೇ ಸಿಕ್ಕಿತು. "ನೋಡ್ರಿ, ಕಂಪೌಂಡ್ ದಾಟಲಿಲ್ಲ. ತಿಳಿವಳಿಕಸ್ಥ ಪ್ರಾಣಿ" ಎಂದು ಕಾಕಾ ಮೀಸೆ ಸವರಿಕೊಂಡರು.

ಮೊನ್ನೆ ನೀರಿನ ಬಗ್ಗೆ ಅರ್ಜಿ ತಯಾರಾಯಿತು. ಒಕ್ಕಣೆ ಎಲ್ಲರಿಗೂ ಒಪ್ಪಿಗೆ. ಮೊದಲ ಸಹಿ ಮಾತ್ರ ಯಾರಿಗೂ ಬೇಡ. ಪೆನ್ನು ಒಂದು ಸುತ್ತು ತಿರುಗಿ ಬಂದ ಮೇಲೆ ಕಾಕಾ ದಾರಿ ತೋರಿಸಿದರು: "ಸಹೀ ದುಂಡಗ ಹಾಕ್ರಿ. ಮೊದಲನೇದು ಯಾರದಂತ ದೇವರಿಗೂ ತಿಳೀಬಾರದು." ಹಡಗಿನ ಕಪ್ತಾನನ ಮೇಲೆ ದೂರು ಕೊಡುವಾಗ ಬ್ರಿಟಿಷ್ ನಾವಿಕರು ಹಿಂದೆ ಮಾಡುತ್ತಿದ್ದ ಉಪಾಯವೇ ಇದು. ಕಾಕಾ ದೋಣಿಯನ್ನೂ ಹತ್ತದೆ ಕಂಡುಹಿಡಿದರು.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಗುತ್ತಲೇ ಒಬ್ಬೊಬ್ಬರಾಗಿ, ಅಳತೆ ನೋಡಿಕೊಂಡು, ದುಂಡಗೇ ಸಹಿ ಹಾಕಿದೆವು.

"ಕಾಕಾ, ನಿಮ್ಮದು?"

ಅವರು ಕನ್ನಡಕ ಏರಿಸಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚಕ್ರ ತುಂಬೇದಲ್ರೀ. ಇನ್ನ ಜಾಗಾ ಎಲ್ಲದ?"