ಮೇಜಿನ ಮೇಲಿನ ದಂಡನಾಯಕರು

ದಂಡನಾಯಕರಿಗೆ ಅರವತ್ತು ದಾಟಿದೆ. ಮಂಡಿ ನೋವು ಇದೆ, ಸಕ್ಕರೆ ಸ್ವಲ್ಪ ಜಾಸ್ತಿ. ಕನ್ನಡಕ ಎರಡು: ಒಂದು ಲೋಕ ನೋಡಲು, ಇನ್ನೊಂದು ಸೈನ್ಯ ನೋಡಲು. ಇಂಗ್ಲೆಂಡಿನ ಒಂದು ಸಾಧಾರಣ ಊರಿನಲ್ಲಿ ಲೆಕ್ಕಪತ್ರ ಬರೆದುಕೊಂಡು ನಿವೃತ್ತರಾದವರು. ಪಕ್ಕದ ಮನೆಯ ಬೆಕ್ಕು ಬಂದು ಹೂವಿನ ಪಾತಿ ಕೆದರಿದರೂ ತಾವೇ ಅದಕ್ಕೆ ‘ಸಾರಿ’ ಹೇಳಿ ಒಳಗೆ ಹೋಗುವಷ್ಟು ಸಾಧು. ಇಂಥವರ ಮನೆಯ ಹಿಂದಿನ ಕೋಣೆಯಲ್ಲಿ ಸಾವಿರಾರು ಕಾಲಾಳು, ನೂರಾರು ಕುದುರೆ, ಎರಡು ಸಾಲು ಫಿರಂಗಿ ಹಗಲೂ ರಾತ್ರಿ ಸನ್ನದ್ಧವಾಗಿ ನಿಂತಿರುತ್ತವೆ.

ಈ ದೇಶಕ್ಕೆ ಬಂದು ನಾಲ್ಕು ಕಾಲ ನೆಲೆಸಿದ ಕನ್ನಡಿಗರಿಗೆ ಇಂಥವರೊಬ್ಬರು ಆಫೀಸಿನಲ್ಲೋ ಪಕ್ಕದ ಬೀದಿಯಲ್ಲೋ ಸಿಕ್ಕೇ ಸಿಗುತ್ತಾರೆ. ಹೆಸರು ಬೇರೆಬೇರೆ, ಕೋಣೆ ಮಾತ್ರ ಒಂದೇ. ನಾನಂತೂ ಎಲ್ಲರನ್ನೂ ದಂಡನಾಯಕರು ಅಂತಲೇ ಕರೆಯುವುದು.

ಹವ್ಯಾಸದ ಹೆಸರು ವಾರ್‌ಗೇಮಿಂಗ್. ತವರದ ಮಿಶ್ರಲೋಹದಲ್ಲಿ ಎರಕ ಹೊಯ್ದ, ಇಲ್ಲವೇ ಪ್ಲಾಸ್ಟಿಕ್ಕಿನಲ್ಲಿ ಒತ್ತಿದ ಪುಟ್ಟ ಸೈನಿಕರನ್ನು ಕೊಂಡು, ಬಣ್ಣ ಬಳಿದು, ಮೇಜಿನ ಮೇಲೆ ಗುಡ್ಡ, ಹೊಳೆ, ತೋಪು, ಹಳ್ಳಿ ಎಲ್ಲ ಹೂಡಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದಳೆದು ಕಾದುವ ಆಟ. ಸೈನಿಕನ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರ್. ಮನೆ ಚಿಕ್ಕದಾದರೆ 15, ಇನ್ನೂ ಚಿಕ್ಕದಾದರೆ 6. ತಮ್ಮ ಕಣ್ಣಿನ ಮೇಲೆ ಅತಿಯಾದ ನಂಬಿಕೆ ಇರುವವರಿಗೆ 2 ಮಿಲಿಮೀಟರಿನದೂ ಸಿಗುತ್ತದೆ. ನವರಾತ್ರಿಗೆ ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದ ನಮಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಅದೇ ಅಟ್ಟದಿಂದ ಪೆಟ್ಟಿಗೆ ಇಳಿಸುವ ಸಂಭ್ರಮ, ಕೈ ಮುರಿದ ಸಿಪಾಯಿಗೆ ಅದೇ ಅಂಟು, ಮುಟ್ಟಲು ಬಂದ ಮಕ್ಕಳಿಗೆ ಅದೇ ಗದರಿಕೆ. ಆದರೆ ಇಲ್ಲಿ ವಿಜಯದಶಮಿ ಕಳೆದ ಮೇಲೆ ಎತ್ತಿಡುವ ಪದ್ಧತಿ ಇಲ್ಲ. ನೋಡಲು ಹೋದವರಿಗೆ ಚರ್ಪೂ ಕೊಡುವುದಿಲ್ಲ.

ಯುದ್ಧ ಎಂದರೆ ದಂಡನಾಯಕರು ದಿನವೂ ಕಾದಾಡುತ್ತಾರೆ ಅಂದುಕೊಳ್ಳಬೇಡಿ. ಅವರ ಆಯುಷ್ಯದ ಮುಕ್ಕಾಲು ಪಾಲು ಕೊಳ್ಳುವುದರಲ್ಲಿ, ಉಳಿದದ್ದರಲ್ಲಿ ಬಹುಪಾಲು ಬಣ್ಣ ಹಚ್ಚುವುದರಲ್ಲಿ ಹೋಗುತ್ತದೆ. ಅಂಗಡಿಯಿಂದ ಬಂದ ಸೈನಿಕ ನೇರ ರಣರಂಗಕ್ಕೆ ಹೋಗುವುದಿಲ್ಲ; ಮೊದಲು ಅಟ್ಟ ಸೇರುತ್ತಾನೆ. ಅಲ್ಲಿ ಅವನಿಗಿಂತ ಹಿಂದೆ ಬಂದವರು ಪೆಟ್ಟಿಗೆಯಲ್ಲೇ ಹತ್ತು ವರ್ಷದಿಂದ ಆಜ್ಞೆಗೆ ಕಾಯುತ್ತಿರುತ್ತಾರೆ. ಈ ರಾಶಿಗೆ ಅವರ ಬಳಗದಲ್ಲಿ ‘ಲೆಡ್ ಪೈಲ್’ ಎನ್ನುತ್ತಾರೆ. ರಾಶಿ ಕರಗುವ ತನಕ ಹೊಸದು ತರುವುದಿಲ್ಲವೆಂದು ಪ್ರತಿ ಜನವರಿಯಲ್ಲೂ ಪ್ರತಿಜ್ಞೆ ಆಗುತ್ತದೆ. ಫೆಬ್ರವರಿಗೆ ಯಾವುದೋ ಕಂಪನಿ ಹೊಸ ಕುದುರೆಸವಾರರನ್ನು ಬಿಡುಗಡೆ ಮಾಡುತ್ತದೆ. ಬೆಲೆಯ ವಿಷಯ ಮನೆಯಲ್ಲಿ ಪೂರ್ತಿ ಹೇಳುವ ರೂಢಿ ಇಲ್ಲ. ‘ನಾನು ಸತ್ತ ಮೇಲೆ ನನ್ನ ಹೆಂಡತಿ ಇವನ್ನೆಲ್ಲ ನಾನು ಹೇಳಿದ ಬೆಲೆಗೇ ಮಾರಿಬಿಟ್ಟರೆ ಗತಿಯೇನು’ ಎಂಬುದು ಅವರಲ್ಲೇ ಓಡಾಡುವ ಹಳೇ ಜೋಕು. ನಗುತ್ತಲೇ ಹೇಳುತ್ತಾರೆ, ಆದರೆ ಕಣ್ಣಿನಲ್ಲಿ ನಗು ಇರುವುದಿಲ್ಲ.

ಒಬ್ಬ ಸೈನಿಕ ಸಿದ್ಧವಾಗುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಮೊದಲು ಅಚ್ಚಿನ ಅಂಚಿನಲ್ಲಿ ಉಳಿದ ಚೂರುಪಾರನ್ನು ಚಾಕುವಿನಿಂದ ಹೆರೆಯಬೇಕು. ಆಮೇಲೆ ಸ್ಪ್ರೇ ಪ್ರೈಮರ್. ಹವೆಯಲ್ಲಿ ತೇವ ಇದ್ದರೆ ಅದು ಕೈಕೊಡುತ್ತದೆ, ತೇವ ಇಲ್ಲದ ದಿನ ಇಂಗ್ಲೆಂಡಿನಲ್ಲಿ ಯಾವುದೆಂದು ದಂಡನಾಯಕರು ಬೆಳಗ್ಗೆದ್ದು ಆಕಾಶ ನೋಡುತ್ತಾರೆ. ನಮ್ಮ ರೈತರೂ ಮಳೆಗೆ ಅಷ್ಟು ಕಾತರದಿಂದ ನೋಡಲಿಕ್ಕಿಲ್ಲ, ಆದರೆ ಇವರು ನೋಡುವುದು ಮಳೆ ಬಾರದಿರಲಿ ಅಂತ. ಆಮೇಲೆ ಕೆಂಪು ಕೋಟು, ಬೂದು ಪ್ಯಾಂಟು, ಎದೆಯ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ. ಮಡಿಕೆಗಳಲ್ಲಿ ನೆರಳು ಕೂರಲು ನೀರಾದ ಕಂದು ಬಣ್ಣದ ಒಂದು ಕೈ. ಉಬ್ಬಿದ ಕಡೆ ತಿಳಿ ಬಣ್ಣದ ಇನ್ನೊಂದು ಕೈ. ಕೊನೆಗೆ ಕಣ್ಣು. ಎರಡು ಬಿಳಿ ಚುಕ್ಕೆ, ಅವುಗಳ ಮೇಲೆ ಎರಡು ಕಪ್ಪು ಚುಕ್ಕೆ, ಅಷ್ಟೆ. ಇದಕ್ಕಾಗಿ ದಂಡನಾಯಕರು ಉಸಿರು ಬಿಗಿಹಿಡಿದು, ನಾಲಿಗೆಯ ತುದಿ ಹೊರಗೆ ಹಾಕಿ, ಎರಡೂ ಮೊಣಕೈಯನ್ನು ಮೇಜಿಗೆ ಊರುತ್ತಾರೆ. ಆ ಹೊತ್ತಿನಲ್ಲಿ ಸ್ವಂತ ಮಗಳ ಫೋನು ಬಂದರೂ ಎತ್ತುವುದಿಲ್ಲ. ಕುಂಚ ಕೂದಲೆಳೆಯಷ್ಟು ಜಾರಿದರೆ, ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಎದುರಿಸಿದ ವೆಲ್ಲಿಂಗ್ಟನ್ನನ ಸಿಪಾಯಿ ಶತ್ರುವಿನ ಕಡೆ ನೋಡುವ ಬದಲು ಪಕ್ಕದವನ ಜೇಬು ನೋಡುತ್ತಾನೆ.

ಕಣ್ಣು ಸರಿಹೋದರೂ ಗುಂಡಿಗಳಿವೆ. ಬ್ರಿಟಿಷ್ ಗಾರ್ಡ್ಸ್ ಪಡೆಗಳಲ್ಲಿ ಗ್ರೆನೇಡಿಯರ್‌ಗಳ ಕೋಟಿನ ಗುಂಡಿ ಒಂದೊಂದೇ, ಕೋಲ್ಡ್‌ಸ್ಟ್ರೀಮಿನವರದು ಜೋಡಿಜೋಡಿ, ಸ್ಕಾಟ್ಸ್ ಗಾರ್ಡ್ಸ್‌ನದು ಮೂರುಮೂರು. ಒಂದು ಗುಂಡಿ ಅರ್ಧ ಮಿಲಿಮೀಟರೂ ಇಲ್ಲ. ಆದರೂ ಅದನ್ನು ಎಣಿಸುವ ಜನ ಇದ್ದಾರೆ. ದಂಡನಾಯಕರು ನೆಪೋಲಿಯನ್ನನಿಗೆ ಹೆದರುವವರಲ್ಲ, ಈ ಗುಂಡಿ ಎಣಿಸುವವರಿಗೆ ಹೆದರುತ್ತಾರೆ. ಒಮ್ಮೆ ಅಂಥ ಒಬ್ಬ ಮಹಾಶಯ ಕೈ ಹಿಂದೆ ಕಟ್ಟಿಕೊಂಡು ಬಂದು, ಮೇಜಿನತ್ತ ಬಗ್ಗಿ, ಬಹಳ ವಿನಯದಿಂದ, ‘ಇದು 28ನೇ ರೆಜಿಮೆಂಟು ಅಲ್ಲವೇ? ವಾಟರ್ಲೂನಲ್ಲಿ ಇವರು ಹಳೇ ನಮೂನೆಯ ಟೋಪಿಯಲ್ಲೇ ಇದ್ದರು. ನೀವು ಹೊಸದು ಹಾಕಿಸಿದ್ದೀರಿ’ ಎಂದು ಹೇಳಿ ಹೊರಟುಹೋದರು. ಮಾತು ನಿಜ. ಆ ರಾತ್ರಿ ದಂಡನಾಯಕರಿಗೆ ನಿದ್ದೆ ಇಲ್ಲ. ಮರುದಿನ ಬೆಳಗ್ಗೆ, ಇರುವೆಯನ್ನೂ ದಾಟಿಕೊಂಡು ನಡೆಯುವ ಈ ಮನುಷ್ಯ, ಸಣ್ಣ ಗರಗಸ ಹಿಡಿದು ಮೂವತ್ತಾರು ಸ್ವಂತ ಸೈನಿಕರ ತಲೆ ತೆಗೆದರು. ಹೊಸ ತಲೆಗಳು ಅಂಚೆಯಲ್ಲಿ ಬಂದವು.

ಈ ಗೀಳಿಗೆ ವಂಶಾವಳಿ ಬೇರೆ ಇದೆ, ಕೇಳಿದರೆ ಎದೆ ಉಬ್ಬಿಸಿಕೊಂಡು ಹೇಳುತ್ತಾರೆ. 1824ರ ಹೊತ್ತಿಗೆ ಪ್ರಷ್ಯದ ರೈಸ್‌ವಿಟ್ಸ್ ಎಂಬ ಅಧಿಕಾರಿ ತನ್ನ ಅಪ್ಪ ಶುರುಮಾಡಿದ್ದ ಕ್ರೀಗ್‌ಸ್ಪೀಲ್ ಎಂಬ ಯುದ್ಧದಾಟವನ್ನು ತಿದ್ದಿ ಸೈನ್ಯಾಧಿಕಾರಿಗಳ ತರಬೇತಿಗೆ ಒದಗಿಸಿದ. ಅದು ಕೆಲಸದ ಆಟ. ಬರೀ ಸಂತೋಷಕ್ಕೆ ಆಡುವುದನ್ನು ಜನರಿಗೆ ಕಲಿಸಿದ್ದು ಕಾದಂಬರಿಕಾರ ಎಚ್.ಜಿ. ವೆಲ್ಸ್; ಅವನ ‘ಲಿಟ್ಲ್ ವಾರ್ಸ್’ ಬಂದದ್ದು 1913ರಲ್ಲಿ. ಮೀಸೆ ಹೊತ್ತ ಗಣ್ಯರು ನೆಲದ ಮೇಲೆ ಮಂಡಿಯೂರಿ ಆಟಿಕೆ ಫಿರಂಗಿಯಿಂದ ಮರದ ಚೂರು ಹಾರಿಸಿ ತವರದ ಸಿಪಾಯಿಗಳನ್ನು ಉರುಳಿಸುವ ಆಟ ಅದು. ಯುದ್ಧದ ಹುಚ್ಚಿರುವ ರಾಜರನ್ನೂ ಮುತ್ಸದ್ದಿಗಳನ್ನೂ ಒಂದು ದೊಡ್ಡ ಮನೆಯಲ್ಲಿ ಪುಟ್ಟ ಮರ, ಪುಟ್ಟ ಮನೆ, ಪುಟ್ಟ ಸೈನಿಕರ ಜೊತೆ ಕೂಡಿಹಾಕಿ, ಉಳಿದವರನ್ನು ನೆಮ್ಮದಿಯಾಗಿರಲು ಬಿಡಬೇಕು ಎಂಬ ಅರ್ಥದ ಮಾತು ಆ ಪುಸ್ತಕದ ಕೊನೆಯಲ್ಲಿದೆ. ಮರುವರ್ಷವೇ ಮಹಾಯುದ್ಧ ಬಂತು. ಸಲಹೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಡ್ರಾಕುಲಾ ಚಿತ್ರಗಳಲ್ಲಿ ರಕ್ತಪಿಪಾಸುಗಳ ಬೆನ್ನಟ್ಟಿದ ನಟ ಪೀಟರ್ ಕುಶಿಂಗ್ ಕೂಡ ಮನೆಯಲ್ಲಿ ವೆಲ್ಸ್‌ನ ನಿಯಮದಂತೆಯೇ ಆಡುತ್ತಿದ್ದವನು ಎನ್ನುವಾಗ ದಂಡನಾಯಕರ ಮುಖ ನೋಡಬೇಕು, ಅವನು ಅವರ ಸೋದರಮಾವನೇನೋ ಅನ್ನಿಸುತ್ತದೆ.

ಅವರು ಮುಖ ಸಿಂಡರಿಸುವುದು ಒಂದೇ ಸಂಗತಿಗೆ. ನಾಟಿಂಗ್‌ಹ್ಯಾಮಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಹೊರತಂದ ‘ವಾರ್‌ಹ್ಯಾಮರ್ 40,000’ ಎಂಬ ಆಟದಲ್ಲಿ ನಲವತ್ತೊಂದನೇ ಸಹಸ್ರಮಾನದ ಬಾಹ್ಯಾಕಾಶ ಯೋಧರಿದ್ದಾರೆ. ಹುಡುಗರೆಲ್ಲ ಅದರ ಹಿಂದೆ. 2024ರ ಡಿಸೆಂಬರಿನಲ್ಲಿ ಆ ಕಂಪನಿ ಲಂಡನ್ ಶೇರುಪೇಟೆಯ ಮೊದಲ ನೂರರ ಪಟ್ಟಿಗೇ ಸೇರಿತು. ‘ಅದರಲ್ಲಿ ಇತಿಹಾಸ ಎಲ್ಲಿದೆ’ ಎನ್ನುತ್ತಾರೆ ದಂಡನಾಯಕರು, ಆ ಕಂಪನಿಯದೇ ಬಣ್ಣದ ಡಬ್ಬಿಯ ಮುಚ್ಚಳ ತಿರುಗಿಸುತ್ತ.

ಇತಿಹಾಸ ಅವರಿಗೆ ಗೊತ್ತಿರುವ ರೀತಿ ನಮಗೆ ಮುಜುಗರ ತರುವಂಥದ್ದು. ಊರು ಯಾವುದು ಎಂದು ಕೇಳಿದರು. ಎಲ್ಲರಿಗೂ ಹೇಳುವಂತೆ ‘ಬೆಂಗಳೂರಿನ ಹತ್ತಿರ’ ಎಂದೆ. ಬಿಡಲಿಲ್ಲ. ‘ಮಂಡ್ಯ ಅಂತ, ನಿಮಗೆ ಗೊತ್ತಿರಲಾರದು.’

‘ಮಂಡ್ಯ? ಮಳವಳ್ಳಿಯ ಹತ್ತಿರವೇ?’

ಬೆಂಗಳೂರಿನಲ್ಲೇ ಹುಟ್ಟಿದ ನನ್ನ ಭಾವಮೈದುನನಿಗೆ ಮಳವಳ್ಳಿ ಯಾವ ದಿಕ್ಕಿಗೆ ಎಂದು ಇವತ್ತಿಗೂ ಗೊತ್ತಿಲ್ಲ. ಇವರು ಮಾತ್ರ 1799ರ ಮಾರ್ಚ್ 27ರಂದು ಅಲ್ಲಿ ಟಿಪ್ಪುವಿನ ಪಡೆ ಯಾವ ದಿಬ್ಬದ ಮೇಲಿತ್ತು ಅನ್ನುವ ತನಕ ಹೋದರು. ಅಲ್ಲಿಂದ ಏಪ್ರಿಲ್ 5ರ ರಾತ್ರಿಗೆ: ಮುಂದೆ ವಾಟರ್ಲೂ ಗೆದ್ದ ಇದೇ ವೆಲ್ಲಿಂಗ್ಟನ್, ಇನ್ನೂ ಬರೀ ಕರ್ನಲ್ ವೆಲ್ಲೆಸ್ಲಿಯಾಗಿದ್ದಾಗ, ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ದಿಕ್ಕುತಪ್ಪಿ, ಮೈಸೂರಿನವರ ಗುಂಡು ರಾಕೆಟ್ಟುಗಳ ನಡುವೆ ಸಿಕ್ಕಿ, ಮಂಡಿಗೆ ಪೆಟ್ಟು ತಿಂದು ಹಿಂದಿರುಗಿದ. ಅಲ್ಲಿಂದ ಮೇ 4ಕ್ಕೆ, ಶ್ರೀರಂಗಪಟ್ಟಣದ ಕೋಟೆ ಒಡೆದ ಮಧ್ಯಾಹ್ನಕ್ಕೆ.

‘ಮೇ ತಿಂಗಳಲ್ಲಿ ನದಿ ಎಷ್ಟು ಆಳ ಇರುತ್ತದೆ?’

‘ಬರೀ ಬಂಡೆ. ಅಲ್ಲಲ್ಲಿ ಮಂಡಿಮಟ್ಟ. ಆದರೆ ಈಗ ಮೇಲುಗಡೆ ಕನ್ನಂಬಾಡಿ ಕಟ್ಟೆ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.’

ಬರೆದುಕೊಂಡರು. ಕೋಟೆ ಒಡೆದ ಜಾಗದಲ್ಲಿ ಈಗ ಏನಿದೆ ಎಂದು ಕೇಳಿದರು. ಒಂದು ಸ್ಮಾರಕದ ಕಂಬ ಇದೆ, ನಾವು ಅಲ್ಲಿ ಸೌತೆಕಾಯಿಗೆ ಉಪ್ಪುಕಾರ ಹಚ್ಚಿಸಿಕೊಂಡು ತಿನ್ನುತ್ತೇವೆ ಎಂದೆ. ಅದನ್ನು ಬರೆದುಕೊಳ್ಳಲಿಲ್ಲ. ಟಿಪ್ಪುವಿನ ಕಾಲಾಳುಗಳ ಹುಲಿಪಟ್ಟೆ ಅಂಗಿ ಅವರ ಪುಸ್ತಕದಲ್ಲಿ ನೇರಳೆ ಬಣ್ಣದ್ದು. ಎಂಥ ನೇರಳೆ? ಇನ್ನೂರು ವರ್ಷದ ಹಿಂದಿನ ಅಂಗಿಯ ಬಣ್ಣ ನನಗೇನು ಗೊತ್ತು. ಮಂಡ್ಯದವನಾದ ತಪ್ಪಿಗೆ ಏನಾದರೂ ಹೇಳಲೇಬೇಕಿತ್ತು, ಬದನೆಕಾಯಿ ಬಣ್ಣ ಎಂದುಬಿಟ್ಟೆ. ಸಂಜೆಗೆ ಇಂಡಿಯನ್ ಅಂಗಡಿಯಿಂದ ಎರಡು ಬದನೆಕಾಯಿ ತಂದು ದೀಪದಡಿ ಇಟ್ಟುಕೊಂಡರು. ಮೊದಲ ಸಾಲು ಮುಗಿಯುವ ಹೊತ್ತಿಗೆ ಒಂದು ಸುಕ್ಕಾಗಿ, ಸೈನ್ಯದ ಅರ್ಧ ಭಾಗ ಬೇರೆಯೇ ನೇರಳೆಗೆ ತಿರುಗಿತ್ತು.

ದಂಡನಾಯಕರ ಜಾತ್ರೆ ಏಪ್ರಿಲ್‌ನಲ್ಲಿ. ಹೆಸರು ‘ಸಲ್ಯೂಟ್’. ಸೌತ್ ಲಂಡನ್ ವಾರ್‌ಲಾರ್ಡ್ಸ್ ಎಂಬ ಕ್ಲಬ್ಬಿನವರು 1972ರಿಂದ ನಡೆಸಿಕೊಂಡು ಬಂದದ್ದು; ಈಗ ಲಂಡನ್ನಿನ ಎಕ್ಸೆಲ್ ಸಭಾಂಗಣದಲ್ಲಿ, ಒಂದು ಶನಿವಾರ. ನ್ಯೂಅರ್ಕಿನಲ್ಲಿ ‘ಪಾರ್ಟಿಜನ್’, ನ್ಯೂಬರಿಯ ಕುದುರೆ ಮೈದಾನದಲ್ಲಿ ‘ಕಲರ್ಸ್’ ಎಂದು ಬೇರೆ ಮೇಳಗಳೂ ಇವೆ, ಆದರೆ ತೇರು ಎಳೆಯುವುದು ಸಲ್ಯೂಟಿನಲ್ಲೇ. ಆ ದಿನ ಕಸ್ಟಮ್ ಹೌಸ್ ನಿಲ್ದಾಣದಲ್ಲಿ ಇಳಿದರೆ ದಾರಿ ಕೇಳಬೇಕಿಲ್ಲ. ಕಪ್ಪು ಟೀಶರ್ಟು, ನರೆತ ಗಡ್ಡ, ಬೆನ್ನಿಗೆ ಖಾಲಿ ಚೀಲ ಇರುವವರ ಹಿಂದೆ ನಡೆದರಾಯಿತು. ಮರಳಿ ಬರುವಾಗ ಗಡ್ಡ ಅಷ್ಟೇ ಇರುತ್ತದೆ, ಚೀಲ ಮಾತ್ರ ತುಂಬಿರುತ್ತದೆ.

ಒಳಗೆ ದಂಡನಾಯಕರ ಕೈಯಲ್ಲಿ ಚೀಟಿ: ‘ಆರು ಹುಲ್ಲಿನ ಗುಪ್ಪೆ, ಒಂದು ಕಂದು ಬಣ್ಣ, ಮತ್ತೇನೂ ಬೇಡ.’ ಬಾಗಿಲಲ್ಲಿ ಒಂದು ಸೈನಿಕ ಪುಕ್ಕಟೆ ಕೊಡುತ್ತಾರೆ, ಪ್ರತಿಜ್ಞೆ ಮುರಿಯುವುದು ಅಲ್ಲಿಂದಲೇ. ಹನ್ನೊಂದಕ್ಕೆ ಚೀಟಿ ಜೇಬಿಗೆ ಹೋಗುತ್ತದೆ, ಹನ್ನೆರಡಕ್ಕೆ ನಗದು ಮುಗಿಯುತ್ತದೆ. ‘ಬ್ರಿಂಗ್ ಅಂಡ್ ಬೈ’ ಎಂಬ ಹಳೇ ಸಾಮಾನಿನ ಮಳಿಗೆಯಲ್ಲಿ ಭೂಗತ ಅರ್ಥವ್ಯವಸ್ಥೆಯೇ ನಡೆಯುತ್ತದೆ: ಒಬ್ಬರ ಅಟ್ಟದ ರಾಶಿ ಇನ್ನೊಬ್ಬರ ಅಟ್ಟಕ್ಕೆ. ಬಣ್ಣದ ಮುಖವನ್ನೇ ಕಾಣದೆ ಮೂರು ಮನೆ ಬದಲಾಯಿಸಿದ ಪೆಟ್ಟಿಗೆಗಳಿವೆ. ನಡುವೆ ಪ್ರದರ್ಶನದ ಮೇಜುಗಳು, ನೋಡಿದರೆ ಮಾತೇ ನಿಂತುಹೋಗುವಂಥವು. ಕೋಸುಗಡ್ಡೆ ತೋಟಕ್ಕೆ ಒಂದೊಂದಾಗಿ ನೆಟ್ಟ ಕೋಸು, ಒಗೆದು ಹರವಿದ ಅಂಗಿ, ಬಾವಿಯ ಹಗ್ಗ. ಇಡೀ ಚಳಿಗಾಲದ ಕೆಲಸ ಒಂದು ಹಗಲಿನ ತೋರಿಕೆಗೆ. ಈ ಮೇಜುಗಳ ಮುಂದೆ ಹವ್ಯಾಸವನ್ನು ಹಾಸ್ಯ ಮಾಡುವ ಬಾಯಿ ನನಗೂ ಬರುವುದಿಲ್ಲ.

ಇಷ್ಟೆಲ್ಲ ಆಗಿ, ಕಡೆಗೂ ಯುದ್ಧ. ವಾಟರ್ಲೂ ಕಾಳಗ ಶುರುವಾದದ್ದು 1815ರ ಜೂನ್ 18ರ ಬೆಳಗ್ಗೆ ಹನ್ನೊಂದರ ಮೇಲೆ, ರಾತ್ರಿಯೊಳಗೆ ಮುಗಿದೇಹೋಯಿತು. ದಂಡನಾಯಕರ ವಾಟರ್ಲೂ ಎರಡನೇ ವಾರಾಂತ್ಯಕ್ಕೆ ಕಾಲಿಟ್ಟಿದೆ, ಮಧ್ಯಾಹ್ನ ಮೂರು ಗಂಟೆಯೂ ಆಗಿಲ್ಲ. ಕುದುರೆಪಡೆ ಹನ್ನೆರಡು ಇಂಚು ಓಡಬಹುದು, ಶತ್ರು ಇರುವುದು ಹನ್ನೆರಡೂಕಾಲು ಇಂಚಿನಲ್ಲಿ. ಕಾಲಿಂಚಿಗೆ ಅರ್ಧ ಗಂಟೆಯ ವಾದ, ನಿಯಮದ ಪುಸ್ತಕ, ಆಮೇಲೆ ಚಹಾ. ಗುಂಡು ತಾಕುತ್ತದೋ ಇಲ್ಲವೋ ನೋಡಲು ಇಬ್ಬರು ಹಿರಿಯರು ಕೆನ್ನೆಯನ್ನು ಮೇಜಿಗಾನಿಸಿ ಒಕ್ಕಣ್ಣು ಮುಚ್ಚುತ್ತಾರೆ. ಬಗ್ಗಿದವರನ್ನು ಎತ್ತಲು ಮೂರನೆಯವರು ಬೇಕು. ದಾಳ ಕೈಕೊಟ್ಟರೆ ಅದಕ್ಕೆ ಜೈಲು: ಒಂದು ಗಾಜಿನ ಶೀಶೆಯಲ್ಲಿ ಹಾಕಿ, ಉಳಿದ ದಾಳಗಳಿಗೆ ಕಾಣುವಂತೆ ಇಡುತ್ತಾರೆ. ಶಕುನಿ ನೋಡಿದ್ದರೆ ಮರುಗುತ್ತಿದ್ದ. ಉತ್ತರನ ಪೌರುಷ ಒಲೆ ಮುಂದೆ ಅನ್ನುತ್ತೇವಲ್ಲ, ಇವರದು ಮೇಜಿನ ಮುಂದೆ. ಆದರೆ ಉತ್ತರನಂತೆ ಇವರು ರಥ ಏರಿ ಹೊರಡುವ ಮಾತೇ ಆಡುವುದಿಲ್ಲ. ಅದು ಇವರ ದೊಡ್ಡತನ.

ಅಸಲು ತೊಂದರೆ ಬೇರೆ. ವಾಟರ್ಲೂ ತೀರ್ಮಾನವಾಗಬೇಕಾದರೆ ಸಂಜೆಗೆ ಬ್ಲೂಖರನ ಪ್ರಷ್ಯನ್ ಸೈನ್ಯ ಬಂದು ವೆಲ್ಲಿಂಗ್ಟನ್ನನ ಕೈಹಿಡಿಯಬೇಕು. ದಂಡನಾಯಕರ ಪ್ರಷ್ಯನ್ನರು ಇನ್ನೂ ಅಟ್ಟದಲ್ಲಿದ್ದಾರೆ, ಬಣ್ಣವಿಲ್ಲದೆ. ಬಣ್ಣ ಹಚ್ಚದ ಸೈನಿಕನನ್ನು ಮೇಜಿಗೆ ಇಳಿಸುವುದಕ್ಕಿಂತ ಸೋಲುವುದು ಲೇಸು ಎಂಬುದು ಅವರ ಕಟ್ಟುನಿಟ್ಟು. ಹಾಗಾಗಿ ನೆಪೋಲಿಯನ್ ಇನ್ನೂ ಸೋತಿಲ್ಲ. ಇದಕ್ಕೂ ಅವರ ಬಳಿ ಪೂರ್ವನಿದರ್ಶನ ಇದೆ. ವಿಲಿಯಂ ಸೈಬೋರ್ನ್ ಎಂಬ ಸೈನ್ಯಾಧಿಕಾರಿ ಅದೇ ರಣರಂಗದ ತೋಟದಮನೆಯಲ್ಲಿ ತಿಂಗಳುಗಟ್ಟಲೆ ಉಳಿದು, ನೆಲ ಅಳೆದು, ಸಾಲದಲ್ಲಿ ಮುಳುಗಿ, ಹತ್ತಾರು ಸಾವಿರ ಪುಟ್ಟ ಸೈನಿಕರ ವಾಟರ್ಲೂ ಮಾದರಿ ಕಟ್ಟಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಅದರಲ್ಲಿ ಪ್ರಷ್ಯನ್ನರು ತೀರಾ ಎದ್ದುಕಾಣುತ್ತಾರೆ, ಗೆಲುವಿನ ಪಾಲು ಅವರಿಗೇ ಹೆಚ್ಚಾಯಿತು ಎಂಬುದು ವೆಲ್ಲಿಂಗ್ಟನ್ನನ ಕಡೆಯವರ ಅಸಮಾಧಾನ. ಕೊನೆಗೆ ಪ್ರಷ್ಯನ್ನರಲ್ಲಿ ಬಹಳಷ್ಟು ಜನರನ್ನು ಸೈಬೋರ್ನ್ ಕಿತ್ತುಹಾಕಬೇಕಾಯಿತು. ‘ನೋಡಿ, ಪ್ರಷ್ಯನ್ನರನ್ನು ಹೊತ್ತಿಗೆ ಸರಿಯಾಗಿ ಮೇಜಿಗೆ ತರುವುದು ಆಗಲೂ ಕಷ್ಟವೇ’ ಎನ್ನುತ್ತಾರೆ ದಂಡನಾಯಕರು.

ಏಪ್ರಿಲ್‌ನಲ್ಲಿ ಲಂಡನ್ನಿಗೆ ಬಂದವರು ಸಲ್ಯೂಟಿಗೆ ಹೋಗಿಬನ್ನಿ. ನಗದು ಎಷ್ಟು ಕಳೆದುಕೊಳ್ಳಬಲ್ಲಿರೋ ಅಷ್ಟೇ ಒಯ್ಯಿರಿ. ಕೇಳದೆ ಸೈನಿಕನನ್ನು ಮುಟ್ಟಬೇಡಿ. ಯಾರು ಗೆಲ್ಲುತ್ತಿದ್ದಾರೆ ಅಂತ ಕೇಳಬೇಡಿ, ಅದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಯಾರಾದರೂ ಊರು ಕೇಳಿದರೆ ಬೆಂಗಳೂರು ಎಂದು ಹೇಳಿ ಸುಮ್ಮನಾಗಬಹುದು. ಶ್ರೀರಂಗಪಟ್ಟಣದ ಹೆಸರು ಎತ್ತಿದರೆ ಸಂಜೆಯವರೆಗೆ ಬಿಡುವುದಿಲ್ಲ. ಬೇರೆ ತಿಂಗಳಲ್ಲಿ ಬಂದವರು ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂ ನೋಡಿ. ಸೈಬೋರ್ನನ ವಾಟರ್ಲೂ ಅಲ್ಲೇ ಇದೆ, ಪ್ರವೇಶ ಉಚಿತ.